ಬಾಲ್ಯದ ಗಾಯ, ಕಾಲೇಜಿನ ಖಿನ್ನತೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)



ನಿಮ್ಮಲ್ಲಿ ಹಲವರ ಮಕ್ಕಳು ಈಗ ಹಾಸ್ಟೆಲಿನಲ್ಲಿ ಇರಬಹುದು. ಮುಂಬಯಿಯ ಮಕ್ಕಳು ಪುಣೆಗೆ, ಪುಣೆಯವರು ಹೈದರಾಬಾದಿಗೆ, ಚೆನ್ನೈಯವರು ದೆಹಲಿಗೆ ಓದಲು ಹೋಗುವ ಕಾಲ ಇದು. ರಾತ್ರಿ ಫೋನ್ ಮಾಡುತ್ತೀರಿ. "ಊಟ ಆಯ್ತಾ?" "ಹೂಂ." "ಪರೀಕ್ಷೆ ಯಾವಾಗ?" "ಮುಂದಿನ ತಿಂಗಳು." "ಚೆನ್ನಾಗಿ ಓದು." "ಹೂಂ." ಅಲ್ಲಿಗೆ ಮಾತು ಮುಗಿಯಿತು. ಮಗ ಚೆನ್ನಾಗಿದ್ದಾನೆ ಎಂಬ ಸಮಾಧಾನದಲ್ಲಿ ನೀವು ಮಲಗುತ್ತೀರಿ.

ಬಹಳಷ್ಟು ಮಕ್ಕಳು ನಿಜವಾಗಿಯೂ ಚೆನ್ನಾಗಿಯೇ ಇರುತ್ತಾರೆ. ಆದರೆ ಎಲ್ಲರೂ ಅಲ್ಲ. ಮುಂಬಯಿಯ ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನನ್ನ ಎದುರಿನ ಕುರ್ಚಿಯಲ್ಲಿ ಬಂದು ಕುಳಿತುಕೊಳ್ಳುವವರು ಆ ಉಳಿದ ಮಕ್ಕಳು. ಅವರ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ.

ಒಬ್ಬ ಹುಡುಗನಿಂದ ಪ್ರಾರಂಭಿಸುತ್ತೇನೆ. ಇದು ಯಾರೋ ಒಬ್ಬನ ಕಥೆಯಲ್ಲ. ಯಾರ ಗುರುತೂ ಸಿಗಬಾರದೆಂದು ಹಲವರಿಂದ ಕೇಳಿದ್ದನ್ನು ಒಂದಾಗಿ ಸೇರಿಸಿ ಹೇಳುತ್ತಿದ್ದೇನೆ. ಡೊಂಬಿವಲಿಯ ಕಡೆಯ ಹುಡುಗ. ಮೂಲ ಊರು ಕರಾವಳಿ. ಇಂಜಿನಿಯರಿಂಗ್ ಎರಡನೆಯ ವರ್ಷ. ಹಾಜರಿ ಕಡಿಮೆಯಾಯಿತೆಂದು ಅಧ್ಯಾಪಕರೊಬ್ಬರು ನನ್ನ ಬಳಿ ಕಳಿಸಿದ್ದರು. ಏನಾಯಿತಪ್ಪಾ ಎಂದು ಕೇಳಿದೆ. "ಎಂತದ್ದೂ ಇಲ್ಲ ಮೇಡಂ. ಬೆಳಿಗ್ಗೆ ಏಳ್ಲಿಕ್ಕೆ ಆಗುದಿಲ್ಲ, ಅಷ್ಟೇ" ಎಂದ. ಮೊದಲು ಕ್ರಿಕೆಟ್ ಆಡುತ್ತಿದ್ದವನು ಈಗ ಬ್ಯಾಟನ್ನು ಮುಟ್ಟುವುದಿಲ್ಲ. ಮೆಸ್ಸಿಗೆ ಹೋಗುವುದು ದಿನಕ್ಕೆ ಒಂದೇ ಸಲ. ರಾತ್ರಿ ಮೂರು ಗಂಟೆಯಾದರೂ ನಿದ್ದೆಯಿಲ್ಲ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಸಲ ಓದುತ್ತಾನೆ, ತಲೆಗೆ ಹೋಗುವುದಿಲ್ಲ. ಹೀಗೆ ಎರಡು ತಿಂಗಳಾಗಿತ್ತು.

ಮನೆಯಲ್ಲಿ ತೊಂದರೆ ಏನಾದರೂ ಇದೆಯೇ ಎಂದರೆ ಇಲ್ಲ. ಹಣದ ಅಡಚಣೆಯೂ ಇಲ್ಲ. ಮೂರನೆಯ ಸಲ ಬಂದಾಗ, ಹೊರಡಲು ಎದ್ದು ನಿಂತವನು ಹೇಳಿದ: "ಅಪ್ಪ ಹೇಳಿದ್ದು ಸರಿಯೇ ಇತ್ತು ಮೇಡಂ. ನಾನು ದಂಡಪಿಂಡವೇ." ಕುಳಿತುಕೊಳ್ಳಲು ಹೇಳಿದೆ. ಆಮೇಲೆ ಒಂದು ಗಂಟೆ ಮಾತನಾಡಿದ. ಆರೇಳು ವರ್ಷದವನಿದ್ದಾಗಿನಿಂದ ಅವನು ದಿನವೂ ಕೇಳಿದ ಮಾತು ಅದು. ಅಂಕ ಕಡಿಮೆಯಾದರೆ ಬೆಲ್ಟಿನ ಏಟು, ಜಾಸ್ತಿಯಾದರೆ ಮೌನ. ಮೇಲಿನ ಮಹಡಿಯ ಹುಡುಗನೊಡನೆ ಹೋಲಿಕೆ. ಅಪ್ಪ ಅಮ್ಮನ ಜಗಳ ನಡೆದ ರಾತ್ರಿಗಳಲ್ಲಿ ಅವನು ಚಾದರ ಹೊದ್ದು, ನಿದ್ದೆ ಬಂದವನಂತೆ ಮಲಗಿರುತ್ತಿದ್ದ. "ಅದೆಲ್ಲ ಹಳೇ ಸಂಗತಿ ಮೇಡಂ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ಕೊನೆಗೆ ತಾನೇ ಹೇಳಿದ.

ಸಂಬಂಧ ಇದೆ. ಇವತ್ತು ನಾನು ಹೇಳಬೇಕಾಗಿರುವುದು ಅದನ್ನೇ.

ಬಾಲ್ಯದ ಆಘಾತ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಅಪಘಾತ, ಗಲಭೆ, ಭೂಕಂಪ, ತಂದೆ ತಾಯಿಯ ಸಾವು. ಅವೆಲ್ಲ ಆಘಾತಗಳೇ. ಆದರೆ ನಾಲ್ಕು ಗೋಡೆಗಳ ಒಳಗೆ, ಸದ್ದಿಲ್ಲದೆ, ವರ್ಷಗಟ್ಟಲೆ ನಡೆಯುವ ಆಘಾತಗಳೂ ಇವೆ. ಹೊಡೆತ, ಲೈಂಗಿಕ ದೌರ್ಜನ್ಯ, ಕುಡಿತ, ತಾಯಿ ಏಟು ತಿನ್ನುವುದನ್ನು ನೋಡುವುದು, ಸದಾ ಹೀಯಾಳಿಕೆ, ಜೊತೆಗೆ ಮಗುವಿನ ಕಡೆ ಯಾರೂ ಗಮನವನ್ನೇ ಕೊಡದಿರುವುದು. ನಮ್ಮ ಮನೆಗಳಲ್ಲಿ ಇದೆಲ್ಲ ಇಲ್ಲ ಎಂದು ಹೇಳುವಂತಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿತು. ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಇಬ್ಬರಲ್ಲಿ ಒಬ್ಬರು ಮಾನಸಿಕ ಹಿಂಸೆಯನ್ನು ಹೇಳಿಕೊಂಡರು. ಯಾವುದಾದರೂ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದೆವು ಎಂದವರು ಶೇಕಡ 53ರಷ್ಟು. ಅಂದು ಉತ್ತರ ಕೊಟ್ಟ ಆ ಮಕ್ಕಳು ಬೆಳೆದು ಕಾಲೇಜು ಸೇರುವ ವಯಸ್ಸನ್ನು ಎಂದೋ ದಾಟಿದ್ದಾರೆ.

ಬಾಲ್ಯಕ್ಕೂ ಮುಂದಿನ ಕಾಯಿಲೆಗೂ ಇರುವ ನಂಟು ಬೆಳಕಿಗೆ ಬಂದದ್ದು ಒಂದು ವಿಚಿತ್ರ ಸಂದರ್ಭದಲ್ಲಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ಬೊಜ್ಜು ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಕೇಳುತ್ತಾ ಹೋದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು ಎಂದು ತಿಳಿಯಿತು. ಮುಂದೆ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಸೇರಿ 17,000ಕ್ಕೂ ಹೆಚ್ಚು ಜನರ ಬಾಲ್ಯದ ಅನುಭವಗಳನ್ನು ಕೇಳಿ ದಾಖಲಿಸಿದರು. ಮೊದಲ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವ ಉಂಡವರಲ್ಲಿ ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ ಏನೂ ಇಲ್ಲದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಗಮನಿಸಿ, ಇವರು ಕೊಳೆಗೇರಿಯ ಬಡವರೇನಲ್ಲ. ಬಹುಪಾಲು ಜನ ಆರೋಗ್ಯ ವಿಮೆ ಇದ್ದ, ಓದಿದ ಮಧ್ಯಮ ವರ್ಗದವರು.

"ಹೊಡೆತ ಸರಿಯಲ್ಲ, ಒಪ್ಪಿದೆ. ಆದರೆ ಬೈದರೆ ಏನಾಗುತ್ತದೆ? ಬಾಯಿ ಮಾತು ತಾನೆ?" ಎಂದು ನೀವು ಕೇಳಬಹುದು. ಇದೇ ಪ್ರಶ್ನೆಯನ್ನು ಅಮೆರಿಕದ ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯ ಮಾರ್ಟಿನ್ ಟೈಷರ್ ಮತ್ತು ಸಂಗಡಿಗರೂ ಕೇಳಿಕೊಂಡರು. 18ರಿಂದ 22 ವರ್ಷದ 554 ಯುವಕ ಯುವತಿಯರನ್ನು ಪರೀಕ್ಷಿಸಿದರು. ಅಂದರೆ ನಮ್ಮ ಕಾಲೇಜು ಮಕ್ಕಳದೇ ವಯಸ್ಸು. 2006ರಲ್ಲಿ ಪ್ರಕಟವಾದ ಫಲಿತಾಂಶ ಓದಿದಾಗ ನನಗೇ ದಿಗಿಲಾಯಿತು. ತಂದೆ ತಾಯಿಯರ ಬೈಗುಳ, ಹೀಯಾಳಿಕೆಗಳು ಮನಸ್ಸಿನ ಮೇಲೆ ಉಳಿಸಿದ್ದ ಗುರುತು, ಮನೆಯೊಳಗಿನ ಹೊಡೆದಾಟ ನೋಡಿ ಬೆಳೆದವರ ಗುರುತಿಗೆ ಸಮನಾಗಿತ್ತು. ಮನೆಯವರಿಂದ ಏಟು ತಿಂದವರಿಗಿಂತಲೂ ಅದು ಹೆಚ್ಚಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆಡಿದವರು ಮರುದಿನವೇ ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ.

ಇದು ಹೇಗೆ ಆಗುತ್ತದೆ? ಎರಡು ದಾರಿಗಳನ್ನು ಸರಳವಾಗಿ ಹೇಳುತ್ತೇನೆ.

ಒಂದು, ದೇಹದ ದಾರಿ. ಅಪಾಯ ಕಂಡಾಗ ನಮ್ಮ ದೇಹ ಕಾರ್ಟಿಸಾಲ್ ಮುಂತಾದ ರಸಗಳನ್ನು ಸುರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಿವಿ ಚುರುಕಾಗುತ್ತದೆ. ಅಪಾಯ ಕಳೆದ ಮೇಲೆ ಎಲ್ಲ ಶಾಂತವಾಗಬೇಕು. ಆದರೆ ಅಪ್ಪನ ಸ್ಕೂಟರಿನ ಸದ್ದು ಕೇಳಿದಾಗಲೆಲ್ಲ ಬೆಚ್ಚಿ ಬೀಳುವ ಮಗುವಿನ ದೇಹ ಶಾಂತವಾಗುವುದನ್ನೇ ಸರಿಯಾಗಿ ಕಲಿಯುವುದಿಲ್ಲ. ಮುಂದೆ ಬೇರೆಯವರಿಗೆ ಸಣ್ಣದೆನಿಸುವ ಒತ್ತಡವೂ ಅದಕ್ಕೆ ದೊಡ್ಡದಾಗುತ್ತದೆ.

ಇನ್ನೊಂದು, ಮನಸ್ಸಿನ ದಾರಿ. ತಂದೆ ತಾಯಿ ತಪ್ಪು ಮಾಡುತ್ತಿದ್ದಾರೆ ಎಂದು ಆರು ವರ್ಷದ ಮಗು ಯೋಚಿಸಲಾರದು. ಅನ್ನ ಹಾಕುವವರು ಅವರೇ, ಎತ್ತಿಕೊಳ್ಳುವವರೂ ಅವರೇ. ಹಾಗಾಗಿ ತಪ್ಪು ತನ್ನದೇ ಎಂದುಕೊಳ್ಳುತ್ತದೆ. 'ನಾನು ಕೆಟ್ಟವನು, ಅದಕ್ಕೇ ಬೈಸಿಕೊಳ್ಳುತ್ತೇನೆ.' ಈ ತೀರ್ಮಾನ ಒಳಗೇ ಕೂತುಬಿಡುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಒಂದು ವಿಷಯದಲ್ಲಿ ಫೇಲಾದರೆ, ಸ್ನೇಹಿತೆ ದೂರವಾದರೆ, ಅದು ತಟ್ಟನೆ ಮೇಲೆದ್ದು ಬಂದು 'ನೋಡು, ನಾನು ಹೇಳಿರಲಿಲ್ಲವೇ?' ಎನ್ನುತ್ತದೆ. ನನ್ನೆದುರು ಕುಳಿತ ಹುಡುಗ ಹೇಳಿದ್ದೂ ಅದನ್ನೇ ಅಲ್ಲವೇ?

ಹಾಗಾದರೆ ಕಾಲೇಜಿನಲ್ಲೇ ಯಾಕೆ? ಮನೆಯಲ್ಲಿದ್ದಷ್ಟು ಕಾಲ ಮಗುವಿಗೆ ತನ್ನದೇ ಉಪಾಯಗಳಿರುತ್ತವೆ. ಮೌನವಾಗಿರುವುದು, ಎಲ್ಲರನ್ನೂ ಮೆಚ್ಚಿಸುವುದು, ಮೊದಲ ರ‍್ಯಾಂಕ್ ತೆಗೆಯುವುದು. ಕಾಲೇಜಿನಲ್ಲಿ ಇಡೀ ತರಗತಿಯೇ ಮೊದಲ ರ‍್ಯಾಂಕಿನವರದು. ಊಟ, ಭಾಷೆ, ಗೆಳೆಯರು ಎಲ್ಲವೂ ಹೊಸತು. ಹಳೆಯ ಉಪಾಯಗಳು ಅಲ್ಲಿ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಎಂಟು ದೇಶಗಳ 19 ಕಾಲೇಜುಗಳ ಸುಮಾರು 14,000 ಮೊದಲ ವರ್ಷದ ವಿದ್ಯಾರ್ಥಿಗಳ ಸಮೀಕ್ಷೆ ನಡೆದು 2018ರಲ್ಲಿ ಪ್ರಕಟವಾಯಿತು. ನಮ್ಮ ದೇಶ ಅದರಲ್ಲಿರಲಿಲ್ಲ. ಮೂವರಲ್ಲಿ ಒಬ್ಬರಿಗೆ ಜೀವನದ ಯಾವುದಾದರೂ ಒಂದು ಹಂತದಲ್ಲಿ ಮಾನಸಿಕ ತೊಂದರೆಯ ಲಕ್ಷಣಗಳು ಕಂಡಿದ್ದವು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಖಿನ್ನತೆ. ಇಂಥ ತೊಂದರೆ ಬಹಳ ಸಲ ಕಾಲೇಜು ಸೇರುವ ಮೊದಲೇ, ಹದಿಹರೆಯದಲ್ಲೇ ಮೊಳೆತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಷ್ಟದ ಬಾಲ್ಯ ಕಂಡವರಿಗೆಲ್ಲ ಖಿನ್ನತೆ ಬರುವುದಿಲ್ಲ. ಖಿನ್ನತೆ ಬಂದವರೆಲ್ಲ ಕಷ್ಟದ ಬಾಲ್ಯದವರೂ ಅಲ್ಲ. ವಂಶವಾಹಿ, ಥೈರಾಯಿಡ್ಡಿನಂಥ ಕಾಯಿಲೆ, ಇವತ್ತಿನ ಬದುಕಿನ ಸಂಕಟ, ಹೀಗೆ ಕಾರಣಗಳು ಹಲವು. ಆದ್ದರಿಂದ ಮಗಳಿಗೆ ಬೇಸರವಾಗಿದೆ ಎಂದ ಕೂಡಲೇ ಯಾರ ತಪ್ಪು ಎಂದು ಹುಡುಕಲು ಹೊರಡಬೇಡಿ. ಬಾಲ್ಯದ ಕಹಿ ಅನುಭವಗಳ ಅಂಕ ನೋಡಿ ಒಬ್ಬ ವ್ಯಕ್ತಿಯ ಮುಂದಿನ ಗತಿಯನ್ನು ಅಳೆಯುವುದು ಸರಿಯಲ್ಲ ಎಂದು ಆ ಅಧ್ಯಯನ ನಡೆಸಿದ ಆಂಡಾ ಅವರೇ 2020ರಲ್ಲಿ ಬರೆದರು.

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂಬ ಗಾದೆ ನಮ್ಮಲ್ಲಿದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಹವಾಯಿಯ ಕವಾಯಿ ಎಂಬ ದ್ವೀಪದ ಮಕ್ಕಳು ತೋರಿಸಿಕೊಟ್ಟಿದ್ದಾರೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಮನೆ ಜಗಳ, ಕುಡಿತಗಳ ನಡುವೆ ಬೆಳೆದ ಮಕ್ಕಳಲ್ಲಿ ಮೂರನೆಯ ಒಂದು ಭಾಗದವರು ಒಳ್ಳೆಯ, ದೃಢವಾದ ಮನುಷ್ಯರಾಗಿ ಬೆಳೆದರು. ಅವರ ಬದುಕಿನಲ್ಲಿ ಕಂಡ ಒಂದು ಮುಖ್ಯ ಅಂಶವೆಂದರೆ, ಕೈಬಿಡದೆ ಪ್ರೀತಿಸಿದ ಒಬ್ಬರಾದರೂ ಹಿರಿಯರು. ಅಜ್ಜಿಯೋ, ಚಿಕ್ಕಮ್ಮನೋ, ಶಾಲೆಯ ಟೀಚರೋ, ಯಾರಾದರೂ ಸರಿ.

ಈಗ ಆ ಹುಡುಗನ ತಂದೆಯ ವಿಷಯ. ಒಂದು ಶನಿವಾರ ಅವರು ನನ್ನನ್ನು ನೋಡಲು ಬಂದರು. ಬಂದವರೇ, "ನಾವೆಲ್ಲ ಪೆಟ್ಟು ತಿಂದೇ ದೊಡ್ಡವರಾದದ್ದಲ್ವಾ ಮೇಡಂ? ನಮಗೆ ಎಂತ ಆಗಿದೆ?" ಎಂದರು. ಮುಂಬಯಿಯ ಎಷ್ಟೋ ಕನ್ನಡಿಗರ ಕಥೆಯೇ ಅವರದೂ. ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಟೇಬಲ್ಲಿನ ಕೆಳಗೆ ಮಲಗಿ ಬೆಳೆದವರು. ತಪ್ಪಿದರೆ ಗಲ್ಲೆಯಲ್ಲಿ ಕೂತ ಯಜಮಾನರ ಏಟು. ಇವತ್ತು ಸ್ವಂತ ಮನೆ ಮಾಡಿ ಮಗನನ್ನು ಇಂಜಿನಿಯರಿಂಗ್ ಓದಿಸುತ್ತಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಅಧಿಕಾರ ನನಗಿಲ್ಲ ಎನಿಸಿತು. ನಾನು ಒಂದೇ ಪ್ರಶ್ನೆ ಕೇಳಿದೆ: "ಆಗ ರಾತ್ರಿ ಅಳು ಬಂದರೆ ಯಾರ ಹತ್ತಿರ ಹೇಳುತ್ತಿದ್ದಿರಿ?" ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೇಳ್ಲಿಕ್ಕೆ ಯಾರಿದ್ರು ಮೇಡಂ?" ಎಂದರು.

ಹೌದು, ನೀವು ಪೆಟ್ಟು ತಿಂದು ಗೆದ್ದಿರಿ. ಆದರೆ ಗೆದ್ದದ್ದು ಪೆಟ್ಟಿನಿಂದಲೇ ಎಂದು ಹೇಗೆ ಹೇಳುತ್ತೀರಿ? ನಿಮ್ಮ ಜೊತೆಯಲ್ಲೇ ಬಂದು ಕುಡಿತಕ್ಕೆ ಬಿದ್ದವರು, ಊರಿಗೆ ಮರಳದೆ ಎಲ್ಲೋ ಕಳೆದುಹೋದವರು ನಿಮಗೂ ನೆನಪಿರಬಹುದು. ಅವರ ಪರವಾಗಿ ಮಾತನಾಡಲು ಇವತ್ತು ಯಾರೂ ಇಲ್ಲ.

ಇನ್ನು, ಮಾಡಬೇಕಾದದ್ದೇನು?

ಮೊದಲನೆಯದಾಗಿ, ಖಿನ್ನತೆಯನ್ನು ಸೋಮಾರಿತನ ಎಂದು ತಿಳಿಯಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ಮನಸ್ಸು ಕುಗ್ಗಿದ್ದರೆ, ಇಷ್ಟವಾಗಿದ್ದುದರಲ್ಲಿ ಆಸಕ್ತಿ ಹೋಗಿದ್ದರೆ, ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದ್ದರೆ, ಸುಸ್ತು, ಮರೆವು, ತಾನು ಯಾರಿಗೂ ಬೇಡದವನು ಎಂಬ ಮಾತು ಕಂಡರೆ, ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳಿದರೆ ಅವರಿಗೆ ಹಗುರವಾಗುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ.

ಎರಡನೆಯದಾಗಿ, ಚಿಕಿತ್ಸೆಯ ಬಗ್ಗೆ ನಂಬಿಕೆ ಇರಲಿ. ಬಾಲ್ಯದ ಗಾಯ ಇದ್ದವರ ಖಿನ್ನತೆ ಬೇಗ ಶುರುವಾಗುತ್ತದೆ, ಮರುಕಳಿಸುವುದೂ ಹೆಚ್ಚು. ಹಾಗಾದರೆ ಅವರಿಗೆ ಔಷಧಿ, ಆಪ್ತಸಮಾಲೋಚನೆ ನಾಟುವುದೇ ಇಲ್ಲವೇ ಎಂಬ ಅನುಮಾನ ವೈದ್ಯರಲ್ಲೂ ಇತ್ತು. 29 ಅಧ್ಯಯನಗಳ 6,830 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ವರದಿ 2022ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ನೊಂದವರಿಗೂ ಚಿಕಿತ್ಸೆಯಿಂದ ಉಳಿದವರಷ್ಟೇ ಪ್ರಯೋಜನವಾಗುತ್ತದೆ ಎಂದು ಅದು ಹೇಳಿತು. ಖಿನ್ನತೆಯ ಔಷಧಿಗಳು ಕೆಲಸ ತೋರಿಸಲು ಕೆಲವು ವಾರ ಬೇಕು. ಅವು ಮದ್ಯದಂತೆ ಚಟ ಹಿಡಿಸುವುದಿಲ್ಲ. ಆದರೆ ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು.

ಮೂರನೆಯದಾಗಿ, ಸಹಾಯ ಎಲ್ಲಿ ಸಿಗುತ್ತದೆ ಎಂದು ತಿಳಿದಿಟ್ಟುಕೊಳ್ಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ದೆಹಲಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಕನ್ನಡದಲ್ಲಿ ಮಾತನಾಡುವವರು ಬೇಕೆಂದು ಕೇಳಬಹುದು. ಕಾಲೇಜಿನಲ್ಲೂ ವಿಚಾರಿಸಿ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಮಗನನ್ನು ಸೇರಿಸುವ ಮುನ್ನ ಹಾಸ್ಟೆಲಿನ ನೀರು, ಊಟ ಎಲ್ಲ ವಿಚಾರಿಸುತ್ತೀರಲ್ಲ, ಇದನ್ನೂ ಕೇಳಿ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ತಪ್ಪಾಗಿದ್ದರೆ ಒಪ್ಪಿಕೊಳ್ಳುವುದು. ಈ ಮಾತನ್ನು ಉಪದೇಶವಾಗಿ ಹೇಳುತ್ತಿಲ್ಲ. ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ, ಒಂದು ರಾತ್ರಿ ನಾನೂ "ನಿನ್ನ ಕೈಯಲ್ಲಿ ಏನೂ ಆಗುವುದಿಲ್ಲ" ಎಂದಿದ್ದೆ. ಬೇರೆಯವರ ಮಕ್ಕಳಿಗೆ ಹಗಲೆಲ್ಲ ಸಾಂತ್ವನ ಹೇಳಿ ಬಂದ ಬಾಯಿ ಅದು. ಎಂಟು ವರ್ಷದ ನಂತರ ಅವಳೇ ಅದನ್ನು ನೆನಪಿಸಿದಳು. ದಿನಾಂಕವೂ ಅವಳಿಗೆ ಗೊತ್ತಿತ್ತು. 'ನಿನ್ನ ಒಳ್ಳೆಯದಕ್ಕೇ ಹೇಳಿದ್ದು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ತಪ್ಪಾಯಿತು ಮಗಳೇ" ಎಂದಷ್ಟೇ ಹೇಳಿದೆ. ಅವಳು ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಅವಳ ಫೋನ್ ಮಾತು ಸ್ವಲ್ಪ ಉದ್ದವಾಗಿದೆ.

ಈ ಬರಹ ಓದುತ್ತಿರುವ ವಿದ್ಯಾರ್ಥಿಗಳಿಗೂ ಒಂದು ಮಾತು. ಮಗುವಾಗಿದ್ದಾಗ ನಿಮಗೆ ಆದದ್ದು ನಿಮ್ಮ ತಪ್ಪಿನಿಂದ ಆದದ್ದಲ್ಲ. ಅದನ್ನು ಎಲ್ಲರಿಗೂ ಹೇಳಬೇಕಾಗಿಲ್ಲ, ಇವತ್ತೇ ಹೇಳಬೇಕೆಂದೂ ಇಲ್ಲ. ತಂದೆ ತಾಯಿಯನ್ನು ಕ್ಷಮಿಸಲೇಬೇಕು ಎಂದೂ ನಾನು ಹೇಳುವುದಿಲ್ಲ. ನಂಬಿಕೆಯ ಒಬ್ಬರಿಗೆ, ಗೆಳೆಯನಿಗೋ, ಅಧ್ಯಾಪಕರಿಗೋ, ವೈದ್ಯರಿಗೋ, 'ನನಗೆ ಏಳಲು ಆಗುತ್ತಿಲ್ಲ' ಎಂದಷ್ಟು ಹೇಳಿ. ಅಷ್ಟರಿಂದ ಶುರುವಾದರೆ ಸಾಕು.

ಆ ಹುಡುಗ ಏನಾದ ಎಂದು ನೀವು ಕೇಳಬಹುದು. ಔಷಧಿ ತೆಗೆದುಕೊಂಡ, ಆಪ್ತಸಮಾಲೋಚನೆಗೆ ಬಂದ. ಒಂದು ವರ್ಷ ಹಿಂದೆ ಬಿದ್ದ. ಈಗಲೂ ಕೆಲವು ದಿನಗಳು ಅವನಿಗೆ ಭಾರವೇ. ಆದರೆ ಬೆಳಿಗ್ಗೆ ಏಳುತ್ತಾನೆ, ಸಂಜೆ ಬ್ಯಾಟು ಹಿಡಿದು ಮೈದಾನಕ್ಕೆ ಹೋಗುತ್ತಾನೆ. ಅಪ್ಪ ಈಗ ಭಾನುವಾರ ಫೋನ್ ಮಾಡಿ ಅಂಕದ ವಿಷಯ ಕೇಳುವುದಿಲ್ಲವಂತೆ. "ಹಾಗಾದರೆ ಏನು ಮಾತಾಡುತ್ತಾರೆ?" ಎಂದೆ. "ಹೋಟೆಲಿನಲ್ಲಿದ್ದಾಗಿನ ಕಥೆ ಹೇಳ್ತಾರೆ ಮೇಡಂ. ಮೊದಲು ಹೇಳಿದ್ದೇ ಇಲ್ಲ" ಎಂದ.

ಇವತ್ತು ರಾತ್ರಿ ನೀವೂ ಫೋನ್ ಮಾಡುತ್ತೀರಿ. ಊಟ ಆಯಿತಾ ಎಂದು ಖಂಡಿತ ಕೇಳಿ. ಆಮೇಲೆ ಒಂದು ನಿಮಿಷ ಹೆಚ್ಚು ಕಾದು, "ಮನಸ್ಸು ಹೇಗಿದೆ?" ಎಂದೂ ಕೇಳಿ. ಉತ್ತರ ಬರುವವರೆಗೆ ಫೋನ್ ಇಡಬೇಡಿ.